ಅಪ್‌ಡೇಟ್: ಡೋಣಿ ಬಳಿ ಕಂಡದ್ದು ಬಣ್ಣದ ಕೌಜುಗವೇ

ಗದಗ ಜಿಲ್ಲೆಯ ಡೋಣಿ ಊರಿನ ಬಳಿ, ಕಪ್ಪತಗುಡ್ಡದ ಅಂಚಿನ ಹೊಲಗಳಲ್ಲಿ ಓಡಾಡುವ ಕೌಜುಗ ಹಕ್ಕಿಗಳಲ್ಲಿ ಬೂದು ಕೌಜುಗ ಯಾವುದು, ಬಣ್ಣದ ಕೌಜುಗ ಯಾವುದು ಎಂದು ಗುರುತಿಸುವ ಬಗೆಯನ್ನು ಮುಂಗಾರಿಗೆ ಮೊದಲು ಕೇಳಿದ್ದೆ. ಗಂಟಲನ್ನು ನೋಡಿರಿ ಎಂದು ಹಲವರು, ಕೂಗನ್ನು ಆಲಿಸಿರಿ ಎಂದು ಒಬ್ಬರು ತಿಳಿಸಿದ್ದಿರಿ.

ಶೇಂಗಾ ಹೊಲದ ಬದುವಿನ ಮೇಲೆ ಬೆಳಗಿನ ಹೊತ್ತು ಬಂದು ನಿಂತ ಹಕ್ಕಿಯ ಮುಖ ಕೆಂಗಂದು ಬಣ್ಣದ್ದಾಗಿದ್ದು, ಎದೆಯ ಕಪ್ಪು ಗರಿಗಳ ಮೇಲೆ ದುಂಡನೆಯ ಬಿಳಿ ಚುಕ್ಕೆಗಳು ಒತ್ತೊತ್ತಾಗಿದ್ದವು. ಬೂದು ಕೌಜುಗದಲ್ಲಾದರೆ ಚುಕ್ಕೆಗಳ ಬದಲು ಸಣ್ಣ ಅಡ್ಡಗೆರೆಗಳೂ, ಮಾಸಲು ಹಳದಿ ಗಂಟಲಿನ ಸುತ್ತ ತೆಳುವಾದ ಕಪ್ಪು ಅಂಚೂ ಇರುತ್ತವೆ. ಗಂಡಿನ ಕಾಲಿನ ಹಿಂದಿನ ಮುಳ್ಳು ಬೂದು ಕೌಜುಗಕ್ಕುಂಟು, ಬಣ್ಣದ್ದಕ್ಕಿಲ್ಲ; ಆದರೆ ಹುಲ್ಲಿನಲ್ಲಿ ನುಸುಳಿ ಓಡುವ ಹಕ್ಕಿಯ ಕಾಲನ್ನು ಅಷ್ಟು ಸೂಕ್ಷ್ಮವಾಗಿ ನೋಡುವುದು ನನ್ನಿಂದಂತೂ ಆಗದ ಕೆಲಸ.

ನನ್ನ ಮಟ್ಟಿಗೆ ಕೂಗೇ ಹೆಚ್ಚು ನಂಬತಕ್ಕದ್ದು. ಬೂದು ಕೌಜುಗ ವರ್ಷವಿಡೀ ‘ಕ-ತೀ-ತರ್’ ಎಂದು ಗಟ್ಟಿಯಾಗಿ, ಒಂದರ ಹಿಂದೊಂದು ಕೂಗುತ್ತದೆ. ಬಣ್ಣದ್ದು ಹೆಚ್ಚಾಗಿ ಮಳೆಗಾಲದಲ್ಲಿ, ದಿಬ್ಬವನ್ನೋ ಮರದ ಕೊಂಬೆಯನ್ನೋ ಏರಿ, ಒಡಕು ದನಿಯಲ್ಲಿ ಬಿಟ್ಟುಬಿಟ್ಟು ಕೂಗುತ್ತದೆ.

ಯಾವುದನ್ನೇ ಹಿಡಿದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದನ್ನು, ಬಲೆಯ ಮಾತೆತ್ತಿದ ನೆರೆಹೊಲದ ಕಾಕಾ ಅವರಿಗೂ ತಿಳಿಸಿದ್ದೇನೆ.