ಅಪ್‌ಡೇಟ್: ಬಾಡಿಗೆ ಮನೆಗೆ ಬಣ್ಣ ಮೊದಲಾ, ರಿಪೇರಿ ಮೊದಲಾ?

ಖಾಲಿ ಇರುವ ಮನೆಯನ್ನು ಬಾಡಿಗೆಗೆ ಕೊಡಬೇಕು, ಮೊದಲು ಬಣ್ಣ ಹೊಡೆಸಲಾ, ರಿಪೇರಿ ಮಾಡಿಸಲಾ ಅಂತ ಕೇಳಿದ್ದೆ. ರಿಪೇರಿ ಮೊದಲು ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಬಚ್ಚಲುಮನೆ ಪಕ್ಕದ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಕೆರೆದರೆ ಒಳಗಿನ ಪುಟ್ಟಿ ಹಿಟ್ಟಿನ ಹಾಗೆ ಉದುರಿತು. ಗೋಡೆಯೊಳಗೆ ಪೈಪಿನ ಜಾಯಿಂಟ್ ಜಿನುಗುತ್ತಿತ್ತು. ಅದನ್ನು ಸರಿ ಮಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್, ಬಣ್ಣ. ಕಾಯುವುದೇ ಕಷ್ಟ. ಆದರೆ ಅವಸರ ಮಾಡಿದರೆ ಮತ್ತೆ ಗುಳ್ಳೆ ಏಳುತ್ತದೆ, ಅಲ್ವಾ?

ಮನೆಯಲ್ಲಿ ಬರುತ್ತಿದ್ದ ಕೆಟ್ಟ ವಾಸನೆಯ ಕಾರಣವೂ ಸಿಕ್ಕಿತು. ಬಳಕೆ ಇಲ್ಲದೆ ನೆಲದ ಟ್ರ್ಯಾಪಿನಲ್ಲಿ (ಚರಂಡಿಯ ವಾಸನೆ ಒಳಗೆ ಬಾರದಂತೆ ನೀರು ನಿಲ್ಲುವ ಜಾಗ) ಇದ್ದ ನೀರು ಆರಿಹೋಗಿತ್ತು. ನೀರು ಸುರಿದೆ, ವಾಸನೆ ಹೋಯಿತು. ಬೀಗ ಬದಲಾಯಿಸಿದ್ದೇನೆ. ಪ್ರತಿ ಕೋಣೆಯ ಫೋಟೊ, ಕರೆಂಟ್ ಮೀಟರಿನ ರೀಡಿಂಗ್ ತೆಗೆದಿಟ್ಟಿದ್ದೇನೆ. ಬಾಡಿಗೆಯವರು ಬಂದಾಗ ಜೊತೆಯಲ್ಲೇ ನೋಡಿ, ಇಬ್ಬರೂ ಸಹಿ ಹಾಕುತ್ತೇವೆ.