ಅಪ್‌ಡೇಟ್: ಕೇಪ್ ಎಪಿಕ್ ಮುಗಿಸಿ ಬಂದೆವು

ನನಗೆ 47, ಗೆಳೆಯನಿಗೆ 52. ಏರಿನಲ್ಲಿ ಅವನು ಹಿಂದೆ ಬೀಳುತ್ತಾನೆ, ದಕ್ಷಿಣ ಆಫ್ರಿಕಾದಲ್ಲಿ ಇಬ್ಬರು ಜೋಡಿಯಾಗಿ ಎಂಟು ದಿನ ತುಳಿಯುವ ಈ ಮೌಂಟನ್ ಬೈಕ್ ರೇಸಿನಲ್ಲಿ ಏನು ಮಾಡೋದು ಅಂತ ಕೇಳಿದ್ದೆ, ನೆನಪಿದೆಯಾ? ಎಂಟೂ ದಿನ ಮುಗಿಸಿದೆವು!

ಇಬ್ಬರೂ 40 ದಾಟಿದ್ದರಿಂದ ಮಾಸ್ಟರ್ಸ್ ವಿಭಾಗ. ಜೋಡಿಯ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಇರಬಾರದು. ನಿಧಾನ ಇರುವವರನ್ನು ಮುಂದೆ ಬಿಡಿ ಅಂದಿದ್ದಿರಲ್ಲ, ಅದೇ ನಮ್ಮನ್ನು ಉಳಿಸಿತು. ಅವನ ಹಿಂದಿನ ಚಕ್ರ ನೋಡುತ್ತಾ ಅದೇ ವೇಗಕ್ಕೆ ತುಳಿದೆ.

ನಂದಿ ಬೆಟ್ಟದ ಅಭ್ಯಾಸ ಏರಿಗೆ ಸಾಕಾಯ್ತು. ಸಡಿಲ ಕಲ್ಲಿನ ಇಳಿಜಾರಿಗೆ ಸಾಲಲಿಲ್ಲ. ಐದನೇ ದಿನ ಅಂಗೈ ಬೊಬ್ಬೆ ಒಡೆದು ಗ್ಲೌಸಿಗೆ ಅಂಟಿಕೊಂಡಿತ್ತು, ನೀರಲ್ಲಿ ನೆನೆಸಿ ಬಿಡಿಸಬೇಕಾಯ್ತು. ಆ ಸಂಜೆ ಊಟ ಸೇರಲಿಲ್ಲ. ಮನೆಯಿಂದ ತಂದ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿ ಗೆಳೆಯನೇ ತಿನ್ನಿಸಿದ.

ಕೊನೆಯ ಗೆರೆಯನ್ನು ಜೊತೆಯಲ್ಲೇ ದಾಟಿದೆವು. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.