ಸಹಾಯ ಬೇಕು: ಕಂಕುಳ ಆಪರೇಷನ್ ಆದವರಿಗೆ ಕೊಡುವ ಕರಪತ್ರದ ಭಾಷೆ

ಸ್ತನ ಕ್ಯಾನ್ಸರ್‌ಗಾಗಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಸಿಕೊಂಡವರಿಗೆ ಮನೆಗೆ ಹೋಗುವಾಗ ಕೊಡಲು ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಸರ್ಜನ್‌ಗಳು, ಫಿಸಿಯೋಥೆರಪಿಸ್ಟ್‌ಗಳು, ನರ್ಸ್‌ಗಳು ದಯವಿಟ್ಟು ಪದಗಳನ್ನು ತಿದ್ದಿಕೊಡಿ.

ಗ್ರಂಥಿಗಳ ಮೂರು ಹಂತ (ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವಿನ ಹೊರಬದಿ, ಹಿಂಬದಿ, ಒಳಬದಿ) ಕೈಬಿಟ್ಟಿದ್ದೇವೆ. ರೋಗಿಗೆ ಅದರಿಂದ ಉಪಯೋಗವಿಲ್ಲ. ಮುಖ್ಯವಾದದ್ದು ನರಗಳು. ಇಂಟರ್‌ಕಾಸ್ಟೋಬ್ರೇಕಿಯಲ್ ನರ ಕತ್ತರಿಸಿದರೆ ತೋಳಿನ ಒಳಬದಿಯ ಚರ್ಮ ಮರಗಟ್ಟುತ್ತದೆ, ಕೈಬಲ ಹೋಗುವುದಿಲ್ಲ. 'ಜೋಮು' ಎಂದು ಬರೆದರೆ ಸ್ವಲ್ಪ ಹೊತ್ತಿಗೆ ಬಿಡುವಂಥದ್ದು ಎನ್ನಿಸುತ್ತದೆ. ಕಲಬುರಗಿ, ರಾಯಚೂರು ಕಡೆ ಇಂಥ ಮರಗಟ್ಟುವಿಕೆಗೆ ಏನನ್ನುತ್ತಾರೆ? ಲಾಂಗ್ ಥೊರಾಸಿಕ್ ನರಕ್ಕೆ ಪೆಟ್ಟಾದರೆ ಸೆರೇಟಸ್ ಆಂಟೀರಿಯರ್ (ಹೆಗಲ ಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸ್ನಾಯು) ಸೋಲುತ್ತದೆ: ಗೋಡೆ ತಳ್ಳಿದಾಗ ಹೆಗಲ ಹಿಂದಿನ ಚಪ್ಪಟೆ ಮೂಳೆ ರೆಕ್ಕೆಯಂತೆ ಏಳುತ್ತದೆ, ಕೈ ತಲೆಯ ಮೇಲೆ ಎತ್ತುವುದು ಕಷ್ಟ. ಇದಕ್ಕೆ ಚಿತ್ರ ಬರೆದುಕೊಡುವವರು ಬೇಕು.

ಇನ್ನೊಂದು, ಕಂಕುಳಿಂದ ಮೊಣಕೈ ಕಡೆಗೆ ಚರ್ಮದಡಿ ಹುರಿ ಬಿಗಿದಂತೆ ಕಾಣುವುದು. ಹೊಲಿಗೆ ಬಿಚ್ಚೀತೆಂದು ಹೆದರಿ ಕೈ ಆಡಿಸುವುದನ್ನೇ ನಿಲ್ಲಿಸುತ್ತಾರೆ, ಭುಜ ಬಿಗಿದುಕೊಳ್ಳುತ್ತದೆ. 'ಹುರಿ' ಎಂಬ ಪದ ಸಾಕೇ?

ತೋಳು ಊದಿ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇವೆ. ಬಿಟ್ಟುಹೋದದ್ದಿದ್ದರೆ ಕಮೆಂಟಿನಲ್ಲಿ ತಿಳಿಸಿ.